ಇರ್ಲಿಬಿಡಿಯವರು ವಿಮಾನ ಹತ್ತಿದ್ದು

ಬಾಟಲಿಗಳಿಗೆ ಮುಚ್ಚಳ ಮಾಡಿ ಮಾಡಿಯೇ ಖಾಸಗಿ ವಿಮಾನಗಳನ್ನು ಕೊಂಡ ಮಹಾನುಭಾವರು ನಮ್ಮ ಧಣಿಗಳು. ಅವೇನು ಸಾಧಾರಣ ವಿಮಾನಗಳಲ್ಲ. ಒಮ್ಮೆ ಹೊಟ್ಟೆ ತುಂಬಿಸಿದರೆ ಎಲ್ಲೂ ಇಳಿಯದೆ ಸಾಗರಗಳನ್ನು ದಾಟುವಂಥವು. ಒಳಗೆ ಮಲಗಲು ಹಾಸಿಗೆ, ಸ್ನಾನಕ್ಕೆ ಬಿಸಿನೀರು, ಕಾಲು ಹೂತುಹೋಗುವಷ್ಟು ದಪ್ಪದ ರತ್ನಗಂಬಳಿ. ಇಂಥ ವಿಮಾನವನ್ನು ಧಣಿಗಳು ಬಹುಪಾಲು ಬಳಸುತ್ತಿದ್ದದ್ದು ಪಕ್ಕದ ಪಟ್ಟಣಕ್ಕೆ ಮಧ್ಯಾಹ್ನದ ಊಟಕ್ಕೆ ಹೋಗಿಬರಲು. ಆದರೂ ಬಂದವರ ಮುಂದೆಲ್ಲ "ನಮ್ಮದು ತಡೆಯಿಲ್ಲದೆ ಎಲ್ಲಿಗೆ ಬೇಕಾದರೂ ಹೋಗುತ್ತೆ" ಎನ್ನುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಈ ವಿಮಾನಗಳು ಎಲ್ಲಿಗೆ ಹೊರಟರೂ ಎಷ್ಟು ಇಂಧನ ತುಂಬಬೇಕು ಎಂದು ಲೆಕ್ಕ ಹಾಕುವ ಕೆಲಸ ಇರ್ಲಿಬಿಡಿಯವರದು. ಹ್ಯಾಂಗರಿನ ಬೆನ್ನಿಗಂಟಿದ ಕೋಣೆಯಲ್ಲಿ ಅವರ ಮೇಜು. ಕಿಟಕಿ ತೆಗೆದರೆ ಆಕಾಶ ಕಾಣಬೇಕಾದ ಕಚೇರಿ ಅದು. ಕಾಣುತ್ತಿದ್ದದ್ದು ಹಳೆಯ ಟಯರುಗಳ ರಾಶಿ. ಏಸಿ ಯಂತ್ರ ಕೋಣೆಗಿಂತ ಹೆಚ್ಚಾಗಿ ತನ್ನ ಕೆಳಗಿಟ್ಟ ಬಕೆಟ್ಟನ್ನು ತಂಪು ಮಾಡುತ್ತಿತ್ತು. ಅವರ ಪಕ್ಕದ ಮೇಜಿನಲ್ಲಿ ಗಾಳಿ, ಮೋಡ ನೋಡಿ ಹೇಳುವ ಕೆಲಸ ನನ್ನದು. ಹಾಗಾಗಿ ಅವರ ಕಥೆಯಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಬಂದು ನನ್ನೆದುರು ಒಪ್ಪಿಸಿದ್ದು. ಎಲ್ಲಿ ಇಬ್ಬರ ಮಾತೂ ತಾಳೆಯಾಗಲಿಲ್ಲವೋ ಅಲ್ಲಿ ಹೆಂಡತಿ ಹೇಳಿದ್ದನ್ನೇ ನಂಬಿದ್ದೇನೆ.

ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ದಾರಿಗೆ ಬೇಕಾದಷ್ಟು ಇಂಧನ, ಇಳಿಯಲಾಗದೆ ಬೇರೆ ನಿಲ್ದಾಣಕ್ಕೆ ತಿರುಗಬೇಕಾದರೆ ಅದಕ್ಕೊಂದಿಷ್ಟು, ಅದೂ ಸಾಲದೆ ಆಪತ್ತಿಗೆ ಇನ್ನೊಂದಿಷ್ಟು ಎಂದು ನಿಯಮವೇ ಹೇಳುತ್ತದೆ. ನಿಯಮ ಮುಗಿದ ಜಾಗದಲ್ಲಿ ಇವರು ಶುರುವಾಗುತ್ತಿದ್ದರು. "ಇಷ್ಟು ಸಾಕಲ್ವಾ?" ಎಂದು ಯಾರಾದರೂ ಕೇಳಿದರೆ "ಇರ್ಲಿ ಬಿಡಿ, ಇನ್ನೊಂಚೂರು. ಗಾಳಿನ ಯಾರು ಕಟ್ಟಿ ಹಾಕಿದಾರೆ?" ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಬಿಸಿಲಿನ ದಿನ ಕೊಡೆ, ಆ ಕೊಡೆ ಕೈಕೊಟ್ಟರೆ ಎಂದು ಚೀಲದಲ್ಲಿ ಇನ್ನೊಂದು ಕೊಡೆ. ಮನೆಗೆ ಇಬ್ಬರು ನೆಂಟರು ಬರುತ್ತಾರೆಂದರೆ ಒಂದು ಮೆರವಣಿಗೆಗೆ ಸಾಕಾಗುವಷ್ಟು ತರಕಾರಿ. ಉಳಿದದ್ದನ್ನು ವಾರವಿಡೀ ತಿಂದು ತಿಂದು ಮಗಳಿಗೆ ಬದನೆಕಾಯಿ ಕಂಡರೆ ಮೈಯೆಲ್ಲ ಉರಿಯುವ ಹಾಗಾಗಿತ್ತು.

ಇಂಥವರಿಗೆ ಎಂಥ ಹೆಂಡತಿ ಸಿಗಬೇಕೋ ಅಂಥವಳೇ ಸಿಕ್ಕಿದ್ದಳು. ಅದೇ ಹ್ಯಾಂಗರಿನಲ್ಲಿ ಚಕ್ರ ಮತ್ತು ಬ್ರೇಕುಗಳ ವಿಭಾಗ ನೋಡಿಕೊಳ್ಳುವ ಮೆಕ್ಯಾನಿಕ್ ಆಕೆ. ಎಲ್ಲರೂ ಬ್ರೇಕಮ್ಮ ಎನ್ನುತ್ತಿದ್ದರು. ಕೈಗೆ ಕರಿ ಮೆತ್ತಿಕೊಂಡು, ಕೂದಲಿಗೆ ಬಟ್ಟೆ ಬಿಗಿದು, ಸೊಂಟದೆತ್ತರದ ಚಕ್ರವನ್ನು ಮಗುವನ್ನು ತಳ್ಳುವ ಹಾಗೆ ತಳ್ಳಿಕೊಂಡು ಹೋಗುತ್ತಿದ್ದಳು. ಈ ವಿಮಾನಗಳ ಬ್ರೇಕು ಎಂದರೆ ಒಂದರ ಮೇಲೊಂದು ಪೇರಿಸಿದ ಕಾರ್ಬನ್ ತಟ್ಟೆಗಳು. ಅವು ಒಂದನ್ನೊಂದು ಒತ್ತಿಕೊಂಡಾಗ ವಿಮಾನ ನಿಲ್ಲುತ್ತದೆ, ತಟ್ಟೆಗಳು ಸವೆಯುತ್ತವೆ. ಸವೆತ ನೋಡುವಾಗೆಲ್ಲ ಬ್ರೇಕಮ್ಮನಿಗೆ ಗಂಡನ ಮುಖವೇ ಕಾಣುತ್ತಿತ್ತಂತೆ.

"ರೀ, ನೀವು ಸುಮ್ನೆ ತುಂಬಿಸ್ತಾ ಹೋಗ್ತೀರಿ. ಆ ಭಾರನೆಲ್ಲ ಕೊನೇಲಿ ನಿಲ್ಲಿಸೋರು ಯಾರು? ನನ್ನ ಬ್ರೇಕು!"

"ಆಕಾಶದಲ್ಲಿ ಇಂಧನ ಮುಗಿದ್ರೆ ನಿನ್ನ ಬ್ರೇಕು ಏನೇ ಮಾಡುತ್ತೆ?"

"ಇಂಧನ ಹೊರೋಕೂ ಇಂಧನ ಖರ್ಚಾಗುತ್ತಲ್ರೀ, ಅದಾದ್ರೂ ಗೊತ್ತಾ?"

"ಅದಕ್ಕೂ ಸೇರಿಸಿ ಒಂಚೂರು ಹಾಕಿರ್ತೀನಿ ಕಣೇ."

ಇಂಥ ಸಂಸಾರ. ಜಗಳಕ್ಕೆ ವಿಷಯ ಹುಡುಕುವ ತಾಪತ್ರಯವೇ ಇರಲಿಲ್ಲ.

ಹೀಗೆ ಊರೂರಿನ ದಾರಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದ ಈ ಮನುಷ್ಯ ಸ್ವತಃ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಿದ್ದರು. ಪುರುಸೊತ್ತಿಲ್ಲದವರು ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆಯುವುದನ್ನು ನಾನೇ ನೋಡಿದ್ದೇನೆ. ಅಸಲಿ ವಿಷಯ ಪುಕ್ಕಲುತನ ಎಂದು ನಾವೆಲ್ಲ ನಗುತ್ತಿದ್ದೆವು.

ಒಂದು ದಿನ ಧಣಿಗಳಿಗೆ ತಮ್ಮ ನೌಕರರ ಮೇಲೆ ಪ್ರೀತಿ ಉಕ್ಕಿತು. ಅದು ಉಕ್ಕುವುದು ಯಾವಾಗಲೂ ಫೋಟೋ ತೆಗೆಯುವವರು ಇದ್ದಾಗಲೇ. ದೂರದ ದ್ವೀಪವೊಂದರಲ್ಲಿ ಅವರ ಹೊಸ ಮುಚ್ಚಳದ ಕಾರ್ಖಾನೆ ಶುರುವಾಗುವುದಿತ್ತು. "ನಮ್ಮ ಹಳೇ ನೌಕರರೊಬ್ಬರನ್ನ ಜೊತೇಲಿ ಕರ್ಕೊಂಡು ಹೋಗ್ತೀನಿ" ಎಂದರು. ಚೀಟಿ ಎತ್ತಿದರು. ಬಂದದ್ದು ಇರ್ಲಿಬಿಡಿಯವರ ಹೆಸರು. ದೂರದ ಪ್ರಯಾಣವಾದ್ದರಿಂದ ಮೆಕ್ಯಾನಿಕ್ ಒಬ್ಬರು ಜೊತೆಗಿರಲೇಬೇಕು. ಆ ಸಲದ ಪಾಳಿ ಬ್ರೇಕಮ್ಮನದು. ಗಂಡ ಹೆಂಡತಿ ಒಟ್ಟಿಗೆ ವಿಮಾನಯಾನ ಹೊರಟಿದ್ದಾರೆ ಎಂದು ಹ್ಯಾಂಗರಿನವರೆಲ್ಲ ಚಪ್ಪಾಳೆ ತಟ್ಟಿದರು. ಇರ್ಲಿಬಿಡಿಯವರ ಮುಖ ಮಾತ್ರ ಪರೀಕ್ಷೆಗೆ ಓದದೆ ಬಂದವರ ಹಾಗಿತ್ತು.

ಆ ಪ್ರಯಾಣದ ಇಂಧನದ ಲೆಕ್ಕವೂ ಅವರದೇ. ಇನ್ನೊಬ್ಬರ ಜೀವಕ್ಕೇ ಅಷ್ಟು ತುಂಬಿಸುವವರು ತಮ್ಮ ಜೀವಕ್ಕೆ ಎಷ್ಟು ತುಂಬಿಸಿಯಾರು? ಆ ದ್ವೀಪದಲ್ಲಿ ಇರುವುದೇ ಒಂದು ಗಿಡ್ಡ ರನ್‌ವೇ. ಅಲ್ಲಿ ಇಳಿಯಲಾಗದಿದ್ದರೆ ಸಮುದ್ರ ದಾಟಿ ಬಹುದೂರ ವಾಪಸು ಬರಬೇಕು. ಅದಕ್ಕೆ ಬೇಕಾದ್ದನ್ನು ನಿಯಮದಂತೆ ಹಾಕಿದರು. ಆಮೇಲೆ ಎದುರುಗಾಳಿಗೆ ಎಂದು ಹಾಕಿದರು.

"ಎದುರುಗಾಳಿ ಎಲ್ಲಿದೆ ಸಾರ್? ಗಾಳಿ ಬೆನ್ನಿಗಿದೆ, ಪೂರ್ತಿ ದಾರಿ" ಎಂದೆ ನಾನು.

"ನಿಮ್ಮ ಗಾಳಿ ಮಾತು ನಂಬಿ ನಾನು ಸಮುದ್ರಕ್ಕೆ ಬೀಳ್ಬೇಕಾ?"

ಇಷ್ಟಾದರೂ ಮನುಷ್ಯ ನಿಯಮ ಮೀರುವವನಲ್ಲ. ಇಳಿಯುವಾಗ ವಿಮಾನ ಇಂತಿಷ್ಟಕ್ಕಿಂತ ಭಾರವಿರಬಾರದು ಎಂಬ ಮಿತಿಯೊಂದಿದೆಯಲ್ಲ, ಆ ಮಿತಿಯ ಅಂಚಿಗೆ ತಂದು, ಕೂದಲೆಳೆಯಷ್ಟು ಒಳಗೆ ನಿಲ್ಲಿಸಿದರು. ಅಲ್ಲಿಗೆ ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಲೆಕ್ಕ ಕ್ಯಾಪ್ಟನ್ ಕೈಗೆ ಹೋಯಿತು. ಈ ಕ್ಯಾಪ್ಟನ್ನಿಗೆ ನಾವಿಟ್ಟ ಹೆಸರು ಆಯ್ತುಸಾರ್. ಧಣಿಗಳು ಏನು ಹೇಳಿದರೂ ಅವರ ಉತ್ತರ ಅದೇ. ದಾರಿಯಲ್ಲಿ ಧಣಿಗಳು ಕೆಳಗಿಳಿಸಿ ಹಾರಿಸು, ಸಮುದ್ರ ನೋಡಬೇಕು ಎಂದಾರು, ಕೆಳಗೆ ಹಾರಿದರೆ ಇಂಧನ ಹೆಚ್ಚು ಉರಿಯುತ್ತದೆ ಎಂದು ಅವರು ಮುಂಚಿತವಾಗಿ ತಮ್ಮದೊಂದಿಷ್ಟು ಸೇರಿಸಿದರು. ಇಂಧನದ ಲಾರಿಯವನಿಗೆ ಇರ್ಲಿಬಿಡಿಯವರನ್ನು ಕಂಡರೆ ಪ್ರೀತಿ. ಪಾಪ, ಮೊದಲ ಸಲ ಹೊರಟಿದ್ದಾರೆ, ಹೆದರಿದ್ದಾರೆ ಎಂದು ಅವನೂ ಕೈ ಸ್ವಲ್ಪ ಧಾರಾಳ ಮಾಡಿದ. ಮಾಪಕದಲ್ಲಿ ಹೆಚ್ಚು ಕಂಡಾಗ ಆಯ್ತುಸಾರ್ ಕ್ಯಾಪ್ಟನ್, ಹಾರುವಾಗ ಉರಿದುಹೋಗುತ್ತದೆ ಎಂದುಕೊಂಡು ಅದಕ್ಕೂ ಆಯ್ತು ಎಂದರು. ಒಬ್ಬೊಬ್ಬರೂ ಉಳಿದವರೆಲ್ಲ ಕೈ ಬಿಗಿ ಹಿಡಿದಿದ್ದಾರೆ ಎಂದೇ ನಂಬಿದ್ದರು.

ವಿಮಾನ ಮೇಲೇರಿತು. ಇರ್ಲಿಬಿಡಿಯವರನ್ನು ಹಿಂಬದಿಯ ಕಿರಿದಾದ ಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಬ್ರೇಕಮ್ಮ. ಮೊದಲು ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದರು, ಆಮೇಲೆ ಹೆಂಡತಿಯ ಕೈ ಹಿಡಿದರು. ಮೋಡ ದಾಟಿ ಬಿಸಿಲು ಬಿದ್ದ ಮೇಲೆ ಧೈರ್ಯ ಬಂದು ಕಾಕ್‌ಪಿಟ್ಟಿನ ಬಾಗಿಲಿಗೆ ಹೋಗಿ ಇಂಧನದ ಮಾಪಕ ಇಣುಕಿ ನೋಡಿದರು. ನಿಶ್ಚಿಂತೆಯಿಂದ ವಾಪಸು ಬಂದು ಕೂತರು. ಇನ್ನೊಂದು ಸಲ ಹೋದರು. ಮೂರನೆಯ ಸಲ ಬಂದಾಗ ಮುಖ ಕಪ್ಪಿಟ್ಟಿತ್ತು.

"ಏನ್ರೀ, ಖಾಲಿ ಆಗ್ತಿದೆಯಾ?" ಬ್ರೇಕಮ್ಮ ಕೇಳಿದಳು.

"ಇಲ್ಲ ಕಣೇ. ಆಗ್ತಾನೇ ಇಲ್ಲ."

ಬೆನ್ನಿನ ಗಾಳಿ ನಾನು ಹೇಳಿದ್ದಕ್ಕಿಂತ ಜೋರಾಗಿ ಬೀಸುತ್ತಿತ್ತು. ವಿಮಾನ ಹುಲ್ಲಿನ ಮೇಲೆ ಜಾರುವ ಹಾಗೆ ಸಾಗುತ್ತಿತ್ತು. ಉರಿಯಬೇಕಾದ ಇಂಧನ ತಣ್ಣಗೆ ಕೂತಿತ್ತು. ಧಣಿಗಳಿಗೆ ಅಂದು ಸಮುದ್ರ ನೋಡುವ ಆಸೆಯೂ ಹುಟ್ಟಲಿಲ್ಲ. ಭಾಷಣ ಬಾಯಿಪಾಠ ಮಾಡುತ್ತಿದ್ದರು.

ದ್ವೀಪದ ಮೇಲೆ ಬಂದಾಗ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಹೇಳಿದರು: ವಿಮಾನ ಇಳಿಯುವುದಕ್ಕೆ ಭಾರವಾಗಿದೆ, ಒಂದಿಷ್ಟು ಸುತ್ತು ಹಾಕಿ ಇಂಧನ ಸುಡಬೇಕು. ಇಂಥ ವಿಮಾನದಿಂದ ಇಂಧನ ಹೊರಗೆ ಚೆಲ್ಲಲು ಬರುವುದಿಲ್ಲ.

ಕಿಟಕಿಯಿಂದ ಕೆಳಗೆ ನೋಡಿದರೆ ಕೆಂಪು ಹಾಸು, ಶಾಮಿಯಾನ, ಬ್ಯಾಂಡಿನವರ ಹಿತ್ತಾಳೆ ವಾದ್ಯಗಳ ಹೊಳಪು. ವಿಮಾನ ಒಂದು ಸುತ್ತು ಬಂದಾಗ ಬ್ಯಾಂಡು ಶುರುವಾಯಿತಂತೆ. ಇಳಿಯದೆ ಹೋದಾಗ ನಿಂತಿತು. ಮತ್ತೆ ಬಂದಾಗ ಮತ್ತೆ ಶುರುವಾಯಿತು. ಹಲವು ಸುತ್ತಾದ ಮೇಲೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ನೀರು ಕುಡಿಯಲು ಹೋದರು.

ಧಣಿಗಳ ಕಣ್ಣು ಕೆಂಪಗಾಗಿತ್ತು. "ಕೆಳಗೆ ಜನ ಕಾಯ್ತಾ ಇದಾರೆ, ನಾವು ಹದ್ದಿನ ಥರ ಸುತ್ತುತಾ ಇದೀವಿ! ಯಾರ್ರೀ ಇಷ್ಟೊಂದು ತುಂಬಿಸಿದ್ದು?"

ಕ್ಯಾಪ್ಟನ್ ತಿರುಗಿ ವಿಮಾನದ ಹಿಂಬದಿ ನೋಡಿದರು. ಇರ್ಲಿಬಿಡಿಯವರು ಕುರ್ಚಿಯೊಳಗೆ ಇನ್ನಷ್ಟು ಹುದುಗಿಕೊಂಡರು. ಆಗ ಬ್ರೇಕಮ್ಮ ಎದ್ದು ನಿಂತು, "ಸಾರ್, ದ್ವೀಪದ ಸುತ್ತ ಬೇರೆ ನಿಲ್ದಾಣ ಇಲ್ಲ. ಇಲ್ಲಿಗೆ ಹೆಚ್ಚು ತುಂಬಿಸದೆ ಯಾರೂ ಬರಲ್ಲ" ಎಂದಳು. ಧಣಿಗಳು ಮತ್ತೆ ಭಾಷಣದ ಹಾಳೆ ಎತ್ತಿಕೊಂಡರು. ಕೂತ ಮೇಲೆ ಗಂಡನ ತೋಳನ್ನು ಯಾರಿಗೂ ಕಾಣದ ಹಾಗೆ ಜಿಗುಟಿದಳು. ಗಂಡನ ಮಾತಿನಲ್ಲಿ ಈ ಜಿಗುಟಿದ ಪ್ರಸಂಗ ಇರಲಿಲ್ಲ, ಹೆಂಡತಿಯೇ ಹೇಳಿದ್ದು.

ಅಂತೂ ಭಾರ ಮಿತಿಗೆ ಬಂತು. ಇಳಿಯುವ ಹೊತ್ತಿಗೆ ಧಣಿಗಳು ಕ್ಯಾಪ್ಟನ್ನಿಗೆ ಕೂಗಿ ಹೇಳಿದರು: "ಶಾಮಿಯಾನ ರನ್‌ವೇಯಿಂದ ಹೊರಗೆ ಹೋಗೋ ಮೊದಲನೇ ತಿರುವಿನ ಹತ್ರಾನೇ ಇದೆ. ಅಲ್ಲೇ ತಿರುಗಿಸಿ. ಕೊನೇವರೆಗೂ ಓಡಿಸಿಕೊಂಡು ಹೋಗಿ ವಾಪಸ್ ಬರೋಕೆ ನನಗೆ ಟೈಮಿಲ್ಲ."

ಭಾರ ಮಿತಿಯ ಅಂಚಿನಲ್ಲಿ, ರನ್‌ವೇ ಗಿಡ್ಡ, ಬಿಸಿಲು ಸುಡುತ್ತಿದೆ, ಮೊದಲ ತಿರುವು ಮೂಗಿನ ಮುಂದೆ. ಬುದ್ಧಿಯಿರುವ ಯಾರೇ ಆದರೂ ಆಗುವುದಿಲ್ಲ ಎನ್ನುತ್ತಿದ್ದರು.

"ಆಯ್ತು ಸಾರ್" ಎಂದರು ಕ್ಯಾಪ್ಟನ್.

ಚಕ್ರ ನೆಲ ಮುಟ್ಟಿದ್ದೇ ತಡ, ಎರಡೂ ಕಾಲುಗಳಲ್ಲಿ ಬ್ರೇಕನ್ನು ಮೆಟ್ಟಿ ನಿಂತರು. ಧಣಿಗಳ ಭಾಷಣದ ಹಾಳೆಗಳು ಹಾರಿದವು. ಇರ್ಲಿಬಿಡಿಯವರು ಮುಂದಿನ ಕುರ್ಚಿಯನ್ನು ಅಪ್ಪಿಕೊಂಡರು. ಬ್ರೇಕಮ್ಮ ಮಾತ್ರ ಕಣ್ಣು ಮುಚ್ಚಿ, ತನ್ನ ತಟ್ಟೆಗಳ ನರಳಾಟ ಕೇಳುತ್ತ, "ಹೋಯ್ತು, ಹೋಯ್ತು" ಎನ್ನುತ್ತಿದ್ದಳಂತೆ. ವಿಮಾನ ಮೊದಲ ತಿರುವಿನಲ್ಲೇ ತಿರುಗಿ ಶಾಮಿಯಾನದ ಮುಂದೆ ಬಂದು ನಿಂತಿತು. ಕ್ಯಾಪ್ಟನ್ ಹೆಮ್ಮೆಯಿಂದ ಟೋಪಿ ಸರಿಮಾಡಿಕೊಂಡರು.

ಬ್ರೇಕಿನ ಸ್ವಭಾವ ಗೊತ್ತಿಲ್ಲದವರು ಇಲ್ಲೇ ಮೋಸ ಹೋಗುವುದು. ವಿಮಾನ ನಿಂತ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಅಷ್ಟು ಭಾರದ ಓಟವೆಲ್ಲ ಬೆಂಕಿಯಂಥ ಶಾಖವಾಗಿ ತಟ್ಟೆಗಳಲ್ಲಿ ಕೂತಿರುತ್ತದೆ. ಅಲ್ಲಿಂದ ನಿಧಾನಕ್ಕೆ ಚಕ್ರಕ್ಕೆ ಇಳಿಯುತ್ತದೆ. ಚಕ್ರದಲ್ಲಿ ಸಣ್ಣ ಬಿರಡೆಗಳಿರುತ್ತವೆ. ಶಾಖ ಮಿತಿಮೀರಿದರೆ ಅವು ತಾವಾಗಿ ಕರಗಿ ಟಯರಿನ ಗಾಳಿಯನ್ನು ಹೊರಗೆ ಬಿಡುತ್ತವೆ. ಇಲ್ಲದಿದ್ದರೆ ಟಯರು ಬಾಂಬಿನ ಹಾಗೆ ಸಿಡಿಯುತ್ತದೆ.

ಬ್ರೇಕಮ್ಮ ಎಲ್ಲರಿಗಿಂತ ಮೊದಲು ಇಳಿದು ಮುಂದಿನಿಂದ ಬಗ್ಗಿ ಚಕ್ರ ನೋಡಿದಳು. ಮುಖಕ್ಕೆ ಒಲೆಯ ಝಳ ಹೊಡೆದ ಹಾಗಾಯಿತು. ಅಷ್ಟರಲ್ಲಿ ಧಣಿಗಳು ರೆಕ್ಕೆಯ ನೆರಳಿನಲ್ಲೇ ನಿಂತು ಮೈಕು ಹಿಡಿದಿದ್ದರು. ಹಿಂದೆ ವಿಮಾನ ಕಾಣಬೇಕು, ಫೋಟೋ ಚೆನ್ನಾಗಿ ಬರಬೇಕು.

"ಎಲ್ಲರೂ ದೂರ ಹೋಗಿ! ಚಕ್ರದ ಪಕ್ಕ ಯಾರೂ ನಿಲ್ಲಬೇಡಿ!" ಎಂದು ಆಕೆ ಕೂಗಿದಳು.

"ಯಾರದು, ಭಾಷಣದ ಮಧ್ಯೆ?" ಧಣಿಗಳು ಗದರಿದರು. ಮತ್ತೆ ಮೈಕಿಗೆ ಬಾಯಿ ಹಚ್ಚಿ, "ನಮ್ಮ ಕಂಪನಿ ಇವತ್ತು ಇಷ್ಟು ಗಟ್ಟಿಯಾಗಿ ನಿಂತಿದೆ ಅಂದ್ರೆ..." ಎಂದರು.

ಬುಸ್ ಎಂದು ಮೊದಲ ಟಯರು ಉಸಿರು ಬಿಟ್ಟಿತು. ಬ್ಯಾಂಡಿನವರು ಅದನ್ನು ಸಂಕೇತ ಎಂದುಕೊಂಡು ಬಾರಿಸಲು ಶುರುಮಾಡಿದರು. ಅದೇ ಬದಿಯ ಎರಡನೆಯದೂ ಬುಸ್ ಎಂದಿತು. ವಿಮಾನ ಒಂದು ಕಡೆಗೆ ವಾಲಿ, ರೆಕ್ಕೆ ಧಣಿಗಳ ತಲೆಯ ಕಡೆ ಇಳಿಯತೊಡಗಿತು. ಆಗ ಧಣಿಗಳು ಓಡಿದ ಓಟವನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಇರ್ಲಿಬಿಡಿಯವರಿಗೆ ಎಲ್ಲಿಂದ ಧೈರ್ಯ ಬಂತೋ, ನೂಕುನುಗ್ಗಲಿನಲ್ಲಿ ಎಡವಿ ಚಕ್ರದ ಬದಿಯಲ್ಲೇ ಬಿದ್ದಿದ್ದ ಫೋಟೋಗ್ರಾಫರನ ಅಂಗಿ ಹಿಡಿದು ದರದರ ಎಳೆದುಕೊಂಡು ಬಂದರು. ಅವನು ಥ್ಯಾಂಕ್ಸ್ ಎನ್ನುವ ಬದಲು ಅಂಗಿ ಹರಿಯಿತು ಎಂದು ಜಗಳಕ್ಕೆ ನಿಂತ. ಉಳಿದೆರಡು ಟಯರುಗಳೂ ತಮ್ಮ ಪಾಲಿನ ಗಾಳಿ ಬಿಟ್ಟು ವಿಮಾನವನ್ನು ಮತ್ತೆ ಸಮತಟ್ಟಾಗಿ ಕೂರಿಸಿದವು. ಯಾರಿಗೂ ಏನೂ ಆಗಲಿಲ್ಲ, ಧಣಿಗಳ ಮರ್ಯಾದೆಯೊಂದನ್ನು ಬಿಟ್ಟು.

ಸಮಾರಂಭಕ್ಕೆ ಚಮಚ ತಯಾರಿಸುವ ಇನ್ನೊಬ್ಬ ಧಣಿಯೂ ಬಂದಿದ್ದ. ನಮ್ಮವರಿಗೂ ಅವನಿಗೂ ಮುಖ ಕೊಟ್ಟು ಮಾತಿರಲಿಲ್ಲ. ಅವನದು ಚಿಕ್ಕ ವಿಮಾನ, ದಾರಿಯಲ್ಲಿ ಇಳಿದು ಇಂಧನ ತುಂಬಿಕೊಂಡು ಹೋಗುವಂಥದ್ದು. ನಮ್ಮ ಧಣಿಗಳು ಅದೇ ವಿಮಾನದಲ್ಲಿ, ಅವನ ಎದುರು ಕುರ್ಚಿಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಮನೆಗೆ ಹೋದರು. ಕ್ಯಾಪ್ಟನ್ ಕೂಡ ಜೊತೆಗೆ ಹತ್ತಿಕೊಂಡರು.

ಹೊಸ ಚಕ್ರ, ಹೊಸ ಬ್ರೇಕು ಹಡಗಿನಲ್ಲಿ ಬರಬೇಕಿತ್ತು. ಅಲ್ಲಿಯವರೆಗೆ ಬ್ರೇಕಮ್ಮ ವಿಮಾನ ಕಾಯಬೇಕು. ಇರ್ಲಿಬಿಡಿಯವರಿಗೆ ಚಮಚದ ವಿಮಾನದಲ್ಲಿ ಜಾಗವಿರಲಿಲ್ಲ, ಇದ್ದರೂ ಹತ್ತುತ್ತಿರಲಿಲ್ಲ. ಕ್ಷೌರದಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಒಂದೇ ಮಂಚ, ಕಾಲು ಕುಂಟುವ ಕುರ್ಚಿ, ಕಿಟಕಿಯಲ್ಲಿ ಸಮುದ್ರ. ಮದುವೆಯಾದ ಮೇಲೆ ಇಬ್ಬರೂ ಎಲ್ಲಿಗೂ ಹೋದವರಲ್ಲ. ಅವರ ಪಾಲಿಗೆ ವಿಹಾರ ಬಂದದ್ದು ಹೀಗೆ.

ಮರುದಿನ ಬೆಳಿಗ್ಗೆ ದಂಡೆಯ ಕಲ್ಲಿನ ಮೇಲೆ ಕೂತಿದ್ದಾಗ ಹೆಂಡತಿ ಕೇಳಿದಳು.

"ನಿಜ ಹೇಳಿ. ಯಾಕ್ರೀ ನಿಮಗೆ ಈ ಪಾಟಿ ಭಯ?"

ಇರ್ಲಿಬಿಡಿಯವರು ನೀರು ನೋಡುತ್ತಲೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು, ಇನ್ನೂ ಮದುವೆಯಾಗಿರಲಿಲ್ಲ. ಅವರು ಲೆಕ್ಕ ಹಾಕಿ ಕಳಿಸಿದ ವಿಮಾನಕ್ಕೆ ದಾರಿಯಲ್ಲಿ ಗಾಳಿ ತಿರುಗಿತು. ಇಳಿಯಬೇಕಾದ ಊರಿಗೆ ಮಂಜು ಮುಸುಕಿತು. ಬೇರೆ ಊರಿಗೆ ಹೋಗಿ ಇಳಿದಾಗ ಟ್ಯಾಂಕಿನಲ್ಲಿ ನಿಯಮದವರು ಒಪ್ಪುವಷ್ಟೇ ಉಳಿದಿತ್ತು, ಅದಕ್ಕಿಂತ ತೊಟ್ಟೂ ಹೆಚ್ಚಿರಲಿಲ್ಲ. ತಪ್ಪು ಯಾರದೂ ಅಲ್ಲ, ಲೆಕ್ಕ ಸರಿಯಾಗಿದೆ ಎಂದು ಎಲ್ಲರೂ ಬೆನ್ನು ತಟ್ಟಿದರು. ಆದರೆ ಆ ವಿಮಾನ ಹಾರಿಸಿದ ಹಿರಿಯ ಕ್ಯಾಪ್ಟನ್ ವಾಪಸು ಬಂದವರು ನೇರ ಇವರ ಮೇಜಿಗೆ ಬಂದು, ಎದುರು ಕುರ್ಚಿಯಲ್ಲಿ ಕೂತು ಅತ್ತರಂತೆ.

"ಅವರು ಬೈದಿದ್ರೆ ಮರೀತಿದ್ದೆ ಕಣೇ. ಅಷ್ಟು ದೊಡ್ಡ ಮನುಷ್ಯ, ಮಗು ಥರ ಅತ್ರು. ನೀರು ತಂದುಕೊಟ್ಟೆ."

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀನು ಬ್ರೇಕಿನ ವಿಷಯ ಬಿಟ್ಟು ಬೇರೆ ಏನಾದ್ರೂ ಕೇಳಿದ್ದೀಯಾ?"

ಬ್ರೇಕಮ್ಮನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ನಿಧಾನಕ್ಕೆ ಹೇಳಿದಳು: "ಭಯ ಇರೋದು ತಪ್ಪಲ್ಲ ಕಣ್ರೀ. ಆದ್ರೆ ನಿಮ್ಮ ಭಯ ನೀವು ತುಂಬಿಸಿ ಕಳಿಸಿಬಿಡ್ತೀರಿ. ಅದು ನನ್ನ ಚಕ್ರದ ಮೇಲೆ ಬಂದು ಕೂರುತ್ತೆ. ಒಂದ್ಸಲ ಕೇಳಿ ತುಂಬಿಸಬಹುದಲ್ವಾ?"

ಚಕ್ರಗಳು ಬಂದವು, ವಿಮಾನ ವಾಪಸು ಹಾರಿಸಲು ಕ್ಯಾಪ್ಟನ್ನೂ ಬಂದರು. ವಿಮಾನವನ್ನು ಜಾಕಿನ ಮೇಲೆ ಎತ್ತಿ, ಬಿಸಿಲಿನಲ್ಲಿ ಬೆವರು ಸುರಿಸಿ ಆಕೆ ಹಳೆಯ ಬ್ರೇಕು ಬಿಚ್ಚಿದಳು. ಗಂಡ ಸ್ಪ್ಯಾನರು ಎತ್ತಿಕೊಟ್ಟರು. ಕೇಳಿದ್ದು ಒಂದಾದರೆ ಎರಡು ಕೊಡುತ್ತಿದ್ದರು ಎಂಬುದು ಆಕೆಯ ದೂರು.

ವಾಪಸು ಬಂದ ಮೇಲೆ ವಿಚಾರಣೆಯ ಸಭೆ ನಡೆಯಿತು. ಗೂಬೆಯನ್ನು ಯಾರ ತಲೆಯ ಮೇಲೆ ಕೂರಿಸುವುದು ಎಂಬುದೇ ಅಲ್ಲಿನ ಚರ್ಚೆ. ಇರ್ಲಿಬಿಡಿಯವರು ಮೊದಲೇ ಎದ್ದು ನಿಂತು, "ನಾನು ಹೆಚ್ಚು ಹಾಕಿದ್ದು ನಿಜ" ಎಂದುಬಿಟ್ಟರು. ಒಬ್ಬರು ಒಪ್ಪಿಕೊಂಡದ್ದೇ ತಡ, ಲಾರಿಯವನು "ಅಯ್ಯೋ, ನಾನೂ ಒಂಚೂರು ಹಾಕಿದ್ದೆ ಸಾರ್" ಎಂದ. ಬೇರೆ ದಾರಿ ಕಾಣದೆ ಕ್ಯಾಪ್ಟನ್ನೂ ಬಾಯಿಬಿಟ್ಟರು. ಉಳಿದದ್ದು ಮೊದಲ ತಿರುವಿನ ಮಾತು. ಅಲ್ಲಿಗೆ ಬಂದಾಗ ಎಲ್ಲರೂ ಧಣಿಗಳ ಮುಖ ನೋಡಿದರು, ಧಣಿಗಳು ಚಾವಣಿ ನೋಡಿದರು. ಕೊನೆಗೆ ಸಭೆ ಒಮ್ಮತದಿಂದ ತೀರ್ಮಾನಿಸಿತು: ರನ್‌ವೇ ಗಿಡ್ಡವಾದದ್ದೇ ಕಾರಣ. ರನ್‌ವೇಯ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.

ಧಣಿಗಳು ಈಗ ಬಂದವರಿಗೆಲ್ಲ ನಾಲ್ಕೂ ಟಯರು ಹೋದರೂ ತಾವು ಅಲ್ಲಾಡದೆ ಭಾಷಣ ಮುಗಿಸಿದ ಕಥೆ ಹೇಳುತ್ತಾರೆ. ಇನ್ನೂ ದೂರ ಹೋಗುವ ವಿಮಾನಕ್ಕೆ ಆರ್ಡರು ಕೊಟ್ಟಿದ್ದಾರೆ.

ಇರ್ಲಿಬಿಡಿಯವರ ಮೇಜಿನ ಮೇಲೆ ಬ್ರೇಕು ವಿಭಾಗಕ್ಕೊಂದು ಫೋನು ಬಂದಿದೆ. ಗಿಡ್ಡ ರನ್‌ವೇಗೆ ವಿಮಾನ ಹೊರಟಾಗ ಲೆಕ್ಕ ಮುಗಿಸುವ ಮೊದಲು ಅದನ್ನೆತ್ತುತ್ತಾರೆ. ಮೊನ್ನೆ ಅದೇ ದ್ವೀಪಕ್ಕೆ ವಿಮಾನ ಹೊರಡುವುದಿತ್ತು. ಅಂಕಿ ಹೇಳಿದರು. ಆ ಕಡೆಯಿಂದ ಏನೋ ಜೋರು ದನಿ ಬಂತು. ಸ್ವಲ್ಪ ಇಳಿಸಿದರು. ಮತ್ತೆ ಜೋರು ದನಿ. ಇನ್ನೂ ಸ್ವಲ್ಪ ಇಳಿಸಿ, ಹಣೆ ಒರೆಸಿಕೊಂಡು, "ಇದಕ್ಕಿಂತ ಕಮ್ಮಿ ಆಗಲ್ಲ ಕಣೇ, ನನ್ನ ಎದೆ ಒಡೆದುಹೋಗುತ್ತೆ" ಎಂದರು.

"ಸರಿ, ಅಷ್ಟಿರಲಿ. ಊಟ ಆಯ್ತಾ?" ಎಂದಳು ಬ್ರೇಕಮ್ಮ. ಅದು ನನಗೂ ಕೇಳಿಸಿತು.

"ಇನ್ನೂ ಇಲ್ಲ. ನೀನು ಬಾ, ಒಟ್ಟಿಗೆ ಮಾಡೋಣ" ಎಂದು ಅವರು ಫೋನು ಇಟ್ಟು, ನನ್ನ ಕಡೆ ತಿರುಗಿ, ಗಾಳಿ ಯಾವ ಕಡೆಯಿಂದಿದೆ ಎಂದು ಕೇಳಿದರು.